ಇಮೇಲ್ ಲಿಸ್ಟ್‌ನಲ್ಲಿ 6,200 ಜನ, ಆರ್ಡರ್ ಬಂದದ್ದು 9: ವಿಳಾಸ ಅಳಿಸಬೇಕಾ, ಇಟ್ಟುಕೊಳ್ಳಬೇಕಾ?

ಅಪ್ಪೆಮಿಡಿ_ಮನೆ | ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮದು ಸಣ್ಣ ವ್ಯಾಪಾರ. ಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಕಾಳುಮೆಣಸು, ಒಣಗಿಸಿದ ಮುರುಗಲು ಸಿಪ್ಪೆ ಮಾರುತ್ತೇವೆ. ನಾನು, ನಮ್ಮ ಅತ್ತೆ, ಊರಿನ ನಾಲ್ಕು ಜನ ಹೆಂಗಸರು ಸೇರಿ ನಡೆಸುತ್ತಿದ್ದೇವೆ. ನಮ್ಮದೇ ವೆಬ್‌ಸೈಟ್ ಇದೆ. ಐದು ವರ್ಷದಿಂದ ಕೂಡಿಸಿದ 6,200 ಇಮೇಲ್ ವಿಳಾಸ ಇವೆ. ಹೊಸ ಮಿಡಿ ಬಂದಾಗ, ಜೇನು ತೆಗೆದಾಗ, ದೀಪಾವಳಿಗೆ ಮುಂಚೆ ಅಂತ ತಿಂಗಳಿಗೆ ಒಂದೋ ಎರಡೋ ಮೇಲ್ ಕಳಿಸುತ್ತೇನೆ.

ಎರಡು ವರ್ಷದ ಹಿಂದೆ ಒಂದು ಮೇಲ್ ಹೋದರೆ ಎರಡು ದಿನದಲ್ಲಿ 70-80 ಆರ್ಡರ್ ಬರುತ್ತಿತ್ತು. ಈ ಸಲ ಬಂದದ್ದು 9. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಬೆಂಗಳೂರಿನ ಹಳೇ ಗಿರಾಕಿ ಒಬ್ಬರು ಫೋನ್ ಮಾಡಿ, "ದುಡ್ಡು ಕಟ್ಟಿದ್ದೇನಮ್ಮ, ರಸೀದಿಯೇ ಬಂದಿಲ್ಲ" ಅಂದರು. ಹುಡುಕಿದಾಗ ರಸೀದಿ ಅವರ ಸ್ಪ್ಯಾಮ್ ಫೋಲ್ಡರ್‌ನಲ್ಲಿತ್ತು. ತುಂಬಾ ಬೇಜಾರಾಯಿತು.

ಮೇಲ್ ತೆರೆಯದವರನ್ನೆಲ್ಲ ಅಳಿಸಿ ಅಂತ ಒಬ್ಬರು ಹೇಳಿದರು. ಇನ್ನೂ ಹತ್ತು ಸಾವಿರ ಸೇರಿಸಿ ಅಂತ ಇನ್ನೊಬ್ಬರು. ಐದು ವರ್ಷ ಕೂಡಿಸಿದ್ದು, ಅಳಿಸಲು ಕೈ ಬರುತ್ತಿಲ್ಲ. ಅನುಭವ ಇದ್ದವರು ದಾರಿ ಹೇಳಿ.

ದಾವಣಗೆರೆ_ಹುಡುಗ | 9:52

ಈಗ ಇಮೇಲ್ ಯಾರು ಓದುತ್ತಾರೆ ಮೇಡಂ? ವಾಟ್ಸಾಪ್‌ನಲ್ಲಿ ಹಾಕಿ, ಮುಗಿಯಿತು.

ಸರ್ವರ್_ಕೋಣೆ | 10:05

ವಾಟ್ಸಾಪ್ ಮಾತು ಆಮೇಲೆ. ಮೇಡಂ, ಆ 6,200 ಎಲ್ಲಿಂದ ಬಂದವು? ಯಾವ ಕಡೆಯಿಂದ ಎಷ್ಟು ಅಂತ ಬಿಡಿಸಿ ಹೇಳಿ. ಅದು ಗೊತ್ತಾಗದೆ ಏನು ಹೇಳಿದರೂ ಸುಮ್ನೆ ಊಹೆ ಆಗುತ್ತದೆ.

ಅಪ್ಪೆಮಿಡಿ_ಮನೆ | 10:20

ವೆಬ್‌ಸೈಟ್‌ನಲ್ಲಿ ಕೊಂಡವರು ಸುಮಾರು 2,300. ಬೆಂಗಳೂರು, ಮೈಸೂರಿನ ಮೇಳಗಳಲ್ಲಿ ಮಳಿಗೆ ಹಾಕಿದಾಗ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ಹೆಸರು, ಫೋನ್, ಇಮೇಲ್ ಬರೆದು ಹೋಗುತ್ತಾರೆ. ಅದು 1,400. ಉಳಿದ 2,500 ಹೋದ ವರ್ಷ ಒಬ್ಬರಿಂದ ಕೊಂಡದ್ದು. "ಬೆಂಗಳೂರಿನ ಐಟಿ ಕೆಲಸದವರು, ಮನೆ ಊಟ ಇಷ್ಟಪಡುವವರು" ಅಂತ ಹೇಳಿ 3,000 ರೂಪಾಯಿ ತೆಗೆದುಕೊಂಡರು.

ಸರ್ವರ್_ಕೋಣೆ | 10:48

ಆ 2,500ನ್ನು ಇವತ್ತೇ ತೆಗೆಯಿರಿ. ಯೋಚನೆಯೇ ಬೇಡ. ನಾನು ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ 14 ವರ್ಷ ಇದ್ದೇನೆ. ಕೊಂಡ ಪಟ್ಟಿಯಿಂದ ಒಳ್ಳೆಯದಾದದ್ದನ್ನು ಒಮ್ಮೆಯೂ ನೋಡಿಲ್ಲ.

ಏನಾಗುತ್ತದೆ ಅಂದರೆ, ಅಂಥ ಪಟ್ಟಿಗಳಲ್ಲಿ ಬಲೆ ವಿಳಾಸಗಳು ಸೇರಿರುತ್ತವೆ. ಸ್ಪ್ಯಾಮ್ ಟ್ರ್ಯಾಪ್ ಅನ್ನುತ್ತೇವೆ. ಕೆಲವು ವಿಳಾಸಗಳನ್ನು ಯಾವ ಮನುಷ್ಯನೂ ಬಳಸಿರುವುದಿಲ್ಲ. ವೆಬ್ ಪುಟದಲ್ಲಿ ನಮ್ಮ ಕಣ್ಣಿಗೆ ಕಾಣದ ಹಾಗೆ ಅಡಗಿಸಿಟ್ಟಿರುತ್ತಾರೆ. ವಿಳಾಸ ಹೆಕ್ಕುವ ಪ್ರೋಗ್ರಾಂ ಮಾತ್ರ ಅದನ್ನು ಎತ್ತಿಕೊಳ್ಳುತ್ತದೆ. ಆ ವಿಳಾಸಕ್ಕೆ ಮೇಲ್ ಬಂತು ಅಂದರೆ ಕಳಿಸಿದವರು ಯಾರನ್ನೂ ಕೇಳಿಲ್ಲ ಅಂತಲೇ ಅರ್ಥ. ಇನ್ನು ಕೆಲವು ಯಾರೋ ಬಿಟ್ಟುಹೋದ ಹಳೇ ವಿಳಾಸ. ಕೆಲವು ತಿಂಗಳು ಬೌನ್ಸ್ ಮಾಡಿ (ಅಂದರೆ ಮೇಲ್ ತಲುಪಲಿಲ್ಲ ಅಂತ ವಾಪಸ್ ಕಳಿಸಿ), ಆಮೇಲೆ ಬಲೆಯಾಗಿ ತೆರೆದಿಡುತ್ತಾರೆ.

ಎರಡನೆಯದು, ಗೊತ್ತಿಲ್ಲದವರಿಂದ ಮೇಲ್ ಬಂದರೆ ಜನ "ಸ್ಪ್ಯಾಮ್" ಗುಂಡಿ ಒತ್ತುತ್ತಾರೆ. ಜಿಮೇಲ್ ಇದನ್ನು ಎಣಿಸುತ್ತದೆ. ದೂರು ಶೇ. 0.3 ಮುಟ್ಟಲೇಬಾರದು, ಶೇ. 0.1ರ ಒಳಗೆ ಇದ್ದರೆ ಒಳ್ಳೆಯದು ಅಂತ ಅವರೇ ಹೇಳಿದ್ದಾರೆ. ಲೆಕ್ಕ ಹಾಕಿ. ಸಾವಿರ ಜನರಲ್ಲಿ ಮೂವರು ಒತ್ತಿದರೆ ಸಾಕು.

ಇನ್ನು ರಸೀದಿ. ಜಾಹೀರಾತು ಮೇಲ್ ಹೋಗುವುದೂ ರಸೀದಿ ಹೋಗುವುದೂ ಒಂದೇ ಡೊಮೈನ್‌ನಿಂದ (ಇಮೇಲ್ ವಿಳಾಸದಲ್ಲಿ @ ಆದ ಮೇಲಿನ ಹೆಸರು) ಅಲ್ವಾ? ಒಂದಕ್ಕೆ ಬಂದ ಕೆಟ್ಟ ಹೆಸರು ಇನ್ನೊಂದಕ್ಕೂ ಅಂಟುತ್ತದೆ. ದುಡ್ಡು ಕೊಟ್ಟ ಗಿರಾಕಿಯ ರಸೀದಿಯನ್ನು ಆ 3,000 ರೂಪಾಯಿ ಪಟ್ಟಿ ನುಂಗಿದೆ.

ಹುಬ್ಬಳ್ಳಿ_ಸೇಲ್ಸ್ | 11:15

ಇಷ್ಟೊಂದು ಹೆದರಿಸಬೇಡಿ ಸರ್. ನಾನೂ ಪಟ್ಟಿ ಕೊಂಡಿದ್ದೇನೆ. 10,000 ಜನಕ್ಕೆ ಕಳಿಸಿದರೆ 15 ಜನ ಗಿರಾಕಿ ಸಿಕ್ಕೇ ಸಿಗುತ್ತಾರೆ. ಹೊಸ ವ್ಯಾಪಾರ ಮಾಡುವವನಿಗೆ ಅದೇ ಜಾಸ್ತಿ. ಪೇಪರ್ ಒಳಗೆ ಕರಪತ್ರ ಇಟ್ಟು ಹಂಚುವುದಿಲ್ಲವೇ? ಅಲ್ಲಿ ಯಾರು ಒಪ್ಪಿಗೆ ಕೇಳುತ್ತಾರೆ?

ಇಮೇಲ್ ಜಾಹೀರಾತು ಶುರುವಾದದ್ದೇ ಹೀಗೆ. 1978ರ ಮೇ 3ರಂದು ಡಿಇಸಿ ಅನ್ನುವ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್, ಇಂಟರ್ನೆಟ್‌ಗೆ ಮುಂಚಿನ ಜಾಲವಾದ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನಕ್ಕೆ ಕೇಳದೆಯೇ ಮೇಲ್ ಕಳಿಸಿದರು. ಅದರಿಂದ ಕಂಪ್ಯೂಟರ್ ಮಾರಾಟವೂ ಆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ಸರ್ವರ್_ಕೋಣೆ | 11:24

ಆ ಮೇಲ್‌ಗೆ ಬಂದ ದೂರುಗಳನ್ನೂ ಹೇಳಿ. ಇನ್ನೊಮ್ಮೆ ಹೀಗೆ ಮಾಡಬೇಡಿ ಅಂತ ಅರ್ಪಾನೆಟ್ ನಡೆಸುವವರು ಎಚ್ಚರಿಸಿದ್ದರು. ಅವತ್ತು ಸ್ಪ್ಯಾಮ್ ಗುಂಡಿ ಇರಲಿಲ್ಲ, ಇವತ್ತು ಇದೆ. ಕರಪತ್ರ ಬೇಡವಾದರೆ ಕಸಕ್ಕೆ ಹೋಗುತ್ತದೆ, ಅಷ್ಟೇ. ನಿಮ್ಮ ಮುಂದಿನ ಕರಪತ್ರ ಬೇರೆ ಮನೆಗಳಿಗೂ ಹೋಗದ ಹಾಗೆ ಅದು ತಡೆಯುವುದಿಲ್ಲ. ಇಮೇಲ್‌ನಲ್ಲಿ ತಡೆಯುತ್ತದೆ.

ಹುಬ್ಬಳ್ಳಿ_ಸೇಲ್ಸ್ | 11:31

ಆ ಕೊನೆಯ ಮಾತು ಒಪ್ಪುತ್ತೇನೆ. ನಾನು ಎರಡು ಸಲ ಡೊಮೈನ್ ಬದಲಿಸಬೇಕಾಯಿತು. ಕಾರಣ ಇದೇ ಇರಬಹುದು.

ಸಾಗರದ_ಸೊಸೆ | ಮಂಗಳವಾರ ಬೆಳಗ್ಗೆ 7:10

ಅಕ್ಕಾ, ಕೊಯ್ಯುವಾಗ ನೆಲಕ್ಕೆ ಬಿದ್ದ ಮಿಡಿಯನ್ನು ಭರಣಿಗೆ ಹಾಕುತ್ತೀರಾ? ಒಂದು ಜಜ್ಜಿದ ಮಿಡಿ ಇದ್ದರೆ ಇಡೀ ಭರಣಿ ಕೆಡುತ್ತದೆ ಅಂತ ಆರಿಸಿ ತೆಗೆಯುತ್ತೀರಿ ತಾನೇ? ಇದೂ ಹಾಗೆಯೇ ಅನ್ನಿಸಿತು. ಅಂದಹಾಗೆ ಜೀರಿಗೆ ಪರಿಮಳದ ಮಿಡಿ ಈ ವರ್ಷ ಸಿಕ್ಕಿದೆಯಾ? ನಮ್ಮ ಕಡೆ ಮರಗಳು ಈ ಸಲ ಹೂ ಬಿಟ್ಟದ್ದೇ ಕಡಿಮೆ.

ಅಪ್ಪೆಮಿಡಿ_ಮನೆ | 7:45

ಸ್ವಲ್ಪ ಸಿಕ್ಕಿದೆ. ಉಪ್ಪಿನಲ್ಲಿ ಹಾಕಿಟ್ಟಿದ್ದೇವೆ. ತೊಟ್ಟಿನ ಸೊನೆ ಚೆನ್ನಾಗಿರುವ ಮಿಡಿಗಳನ್ನೇ ಆರಿಸಿದ್ದು.

ಕೊಂಡ ಪಟ್ಟಿಯನ್ನು ರಾತ್ರಿಯೇ ತೆಗೆದೆ. ಈಗ 3,700 ಉಳಿದಿವೆ. ನೋಟ್‌ಬುಕ್‌ನ 1,400 ಏನು ಮಾಡಲಿ? ಅವರು ಸ್ವಂತ ಕೈಯಲ್ಲಿ ಬರೆದುಕೊಟ್ಟವರು.

ಕರಿಕೋಟು | 9:30

ಬರೆದುಕೊಟ್ಟದ್ದು ಯಾವುದಕ್ಕೆ? ಪುಟದ ಮೇಲೆ "ಹೊಸ ಮಾಲು ಬಂದಾಗ ಇಮೇಲ್ ಕಳಿಸುತ್ತೇವೆ" ಅಂತ ಬರೆದಿತ್ತಾ?

ಕೇಳಲು ಕಾರಣ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ಕಾಗದದಲ್ಲಿ ಬರೆದದ್ದನ್ನು ಆಮೇಲೆ ಕಂಪ್ಯೂಟರ್‌ಗೆ ಹಾಕಿದರೂ ಕಾಯ್ದೆ ಅನ್ವಯಿಸುತ್ತದೆ. ಅಂದರೆ ನಿಮ್ಮ ನೋಟ್‌ಬುಕ್ ಕೂಡ ಬಂತು. ಒಪ್ಪಿಗೆ ಯಾವ ಕೆಲಸಕ್ಕೆ ಅನ್ನುವುದು ಸ್ಪಷ್ಟವಾಗಿರಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದೆ ಪಡೆಯಲೂ ಆಗಬೇಕು. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕು. ಅದರಲ್ಲಿ ಕನ್ನಡವೂ ಇದೆ. ಈಗಿನಿಂದಲೇ ಕನ್ನಡದಲ್ಲೂ ಬರೆದುಬಿಡಿ.

ಅಪ್ಪೆಮಿಡಿ_ಮನೆ | 9:58

ಪುಟದ ಮೇಲೆ "ನಿಮ್ಮ ಅನಿಸಿಕೆ ಬರೆಯಿರಿ" ಅಂತ ಮಾತ್ರ ಇತ್ತು. ಇದು ನನಗೆ ಹೊಳೆದೇ ಇರಲಿಲ್ಲ.

ಬರ್ಲಿನ್_ಬಸವ | ಮಧ್ಯಾಹ್ನ 1:20

ಇಲ್ಲಿ ಜರ್ಮನಿಯಲ್ಲಿ ಎರಡು ಹಂತದ ಒಪ್ಪಿಗೆ ಮಾಮೂಲು. ಫಾರಂ ತುಂಬಿದ ಮೇಲೆ ಒಂದು ಮೇಲ್ ಬರುತ್ತದೆ. ಅದರಲ್ಲಿನ ಕೊಂಡಿ ಒತ್ತಿದರೆ ಮಾತ್ರ ಪಟ್ಟಿಗೆ ಸೇರುತ್ತೀರಿ. ಬೇರೆ ಯಾರೋ ನನ್ನ ವಿಳಾಸ ಕೊಟ್ಟರೂ ನಾನು ಸೇರುವುದಿಲ್ಲ. ತಪ್ಪು ವಿಳಾಸಗಳೂ ಬಾಗಿಲಲ್ಲೇ ನಿಲ್ಲುತ್ತವೆ. ನೀವೂ ಹೊಸಬರಿಗೆ ಇದನ್ನೇ ಮಾಡಿ.

ಬನಶಂಕರಿ_ಮಾರ್ಕೆಟರ್ | 1:41

ಎರಡು ಹಂತ ಮಾಡಿದರೆ ಅರ್ಧ ಜನ ಕೊಂಡಿಯನ್ನೇ ಒತ್ತುವುದಿಲ್ಲ. ಸೇರಬೇಕು ಅಂತ ಬಂದವರನ್ನೂ ಕಳೆದುಕೊಳ್ಳುತ್ತೀರಿ. ಒಂದೇ ಹಂತ ಇಡಿ, ಆದರೆ ಮೊದಲ ಮೇಲ್ ಅದೇ ದಿನ ಕಳಿಸಿ. ಅದು ಬೌನ್ಸ್ ಆದರೆ ತಕ್ಷಣ ತೆಗೆಯಿರಿ. ಸಣ್ಣ ಅಂಗಡಿಗೆ ಅಷ್ಟು ಸಾಕು.

ಬರ್ಲಿನ್_ಬಸವ | 1:55

ವೆಬ್‌ಸೈಟ್‌ನಲ್ಲಿ ಕೊಂಡವರಿಗೆ ಸಾಕು ಸರ್. ಅವರ ವಿಳಾಸಕ್ಕೆ ರಸೀದಿ ಹೋಗಿಯೇ ಇರುತ್ತದೆ. ಮೇಳದಲ್ಲಿ ಕೈಬರಹದಲ್ಲಿ ಬರೆದವರಿಗೆ ಎರಡು ಹಂತ ಬೇಕೇ ಬೇಕು. ಕೈಬರಹದಲ್ಲಿ a ಯಾವುದು o ಯಾವುದು ಯಾರಿಗೆ ಗೊತ್ತು?

ಪುಸ್ತಕ_ಸಂತೆ | 3:15

ನಾನು ಕನ್ನಡ ಪುಸ್ತಕ ಮಾರುತ್ತೇನೆ. ಪುಸ್ತಕ ಮೇಳದ ನೋಟ್‌ಬುಕ್ ನಮ್ಮಲ್ಲೂ ಇತ್ತು. ಟೈಪ್ ಮಾಡಿಸಿದ ಮೇಲೆ ನೋಡಿದರೆ ಜಿಮೇಲ್ ಡಾಟ್ ಕಾನ್, ಜಿಮಿಯಲ್, ಯಾಹೂನಲ್ಲಿ ಒಂದು ಓ ಇಲ್ಲ. ಡೊಮೈನ್ ತಪ್ಪು ಕಣ್ಣಿಗೆ ಕಾಣುತ್ತದೆ, ತಿದ್ದಬಹುದು. ಹೆಸರಿನ ಭಾಗವನ್ನು ಊಹಿಸಿ ತಿದ್ದಲೇಬೇಡಿ. ಅದು ಬೇರೆ ಯಾರದ್ದೋ ವಿಳಾಸ ಆಗಿಬಿಡುತ್ತದೆ. ಇನ್ನೊಂದು ವಿಷಯ. ಜಿಮೇಲ್‌ನಲ್ಲಿ ಹೆಸರಿನ ನಡುವಿನ ಚುಕ್ಕಿಗೆ ಲೆಕ್ಕವಿಲ್ಲ. ಚುಕ್ಕಿ ಇಟ್ಟು ಒಮ್ಮೆ, ಇಡದೆ ಒಮ್ಮೆ ಬರೆದವರಿಗೆ ಎರಡೆರಡು ಮೇಲ್ ಹೋಗುತ್ತಿರುತ್ತದೆ. ನಮ್ಮ ಪಟ್ಟಿಯಲ್ಲಿ ಅಂಥವರು ನೂರಕ್ಕೂ ಜಾಸ್ತಿ ಇದ್ದರು.

ಬೌನ್ಸ್‌ನಲ್ಲೂ ಎರಡು ಬಗೆ. ವಿಳಾಸವೇ ಇಲ್ಲ ಅಂತ ಬಂದರೆ (550 ಅನ್ನುವ ಸಂಖ್ಯೆ ಕಾಣುತ್ತದೆ) ಅವತ್ತೇ ತೆಗೆಯಿರಿ. ಡಬ್ಬಿ ತುಂಬಿದೆ ಅಂತ ಬಂದರೆ ಮೂರ್ನಾಲ್ಕು ಸಲ ನೋಡಿ. ಜಿಮೇಲ್‌ನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ. ಫೋಟೋ, ವಿಡಿಯೊ ಎಲ್ಲ ಸೇರಿ ಅದು ಬೇಗ ತುಂಬುತ್ತದೆ. ಎರಡು ವರ್ಷ ಬಳಸದ ಗೂಗಲ್ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದ್ದಾರೆ. ಹಾಗಾಗಿ ನಿಮ್ಮ ಹಳೇ ನೋಟ್‌ಬುಕ್‌ನ ಕೆಲವು ವಿಳಾಸಗಳು ಈಗ ಇಲ್ಲವೇ ಇಲ್ಲ.

ತೆರೆಯದವರನ್ನು ಅಳಿಸುವ ವಿಷಯಕ್ಕೆ ಬಂದರೆ, ನಾನು ಒಂದು ತಪ್ಪು ಮಾಡಿದೆ. ಆರು ತಿಂಗಳು ತೆರೆಯಲಿಲ್ಲ ಅಂತ 800 ಜನರನ್ನು ಒಂದೇ ಏಟಿಗೆ ತೆಗೆದೆ. ಅದರಲ್ಲಿ ಪ್ರತಿ ವರ್ಷ ನವೆಂಬರ್‌ನಲ್ಲಿ ಮಾತ್ರ ಪುಸ್ತಕ ಕೊಳ್ಳುವ ಒಬ್ಬ ಮೇಷ್ಟ್ರು ಇದ್ದರು. "ನನ್ನನ್ನು ಯಾಕೆ ಬಿಟ್ಟಿರಿ?" ಅಂತ ಕಾಗದ ಬರೆದರು. ಅವರು ಚಿತ್ರ ಲೋಡ್ ಆಗದ ಹಾಗೆ ಇಟ್ಟುಕೊಂಡಿದ್ದರು. ತೆರೆದರೋ ಇಲ್ಲವೋ ಅಂತ ನಮಗೆ ಗೊತ್ತಾಗುವುದೇ ಕಣ್ಣಿಗೆ ಕಾಣದ ಒಂದು ಪುಟ್ಟ ಚಿತ್ರದಿಂದ. ಚಿತ್ರ ಲೋಡ್ ಆಗದಿದ್ದರೆ ಓದಿದರೂ ಲೆಕ್ಕಕ್ಕಿಲ್ಲ.

ಕೋಲಾರದ_ಕೋಡರ್ | 3:40

ಇದರ ಉಲ್ಟಾ ಕೂಡ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಐಫೋನ್‌ನ ಐಒಎಸ್ 15 ಬಂದಾಗಿನಿಂದ ಆಪಲ್ ಮೇಲ್ ಆಪ್ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ. ಜನ ಓದದಿದ್ದರೂ ತೆರೆದಂತೆ ಕಾಣುತ್ತದೆ. ಹಾಗಾಗಿ ಓಪನ್ ರೇಟ್ (ಎಷ್ಟು ಜನ ತೆರೆದರು ಅನ್ನುವ ಲೆಕ್ಕ) ನಂಬಿ ಯಾರನ್ನೂ ಸೇರಿಸಬೇಡಿ, ತೆಗೆಯಲೂ ಬೇಡಿ. ಕ್ಲಿಕ್ ನೋಡಿ, ಆರ್ಡರ್ ನೋಡಿ, ಉತ್ತರ ಬಂತಾ ನೋಡಿ.

ಮೇಡಂ, ನಿಮ್ಮ ಡೊಮೈನ್‌ನಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಇವೆಯಾ?

ಅಪ್ಪೆಮಿಡಿ_ಮನೆ | 4:02

ವೆಬ್‌ಸೈಟ್ ಮಾಡಿಕೊಟ್ಟ ಹುಡುಗನನ್ನು ಕೇಳಿದೆ. ಎಸ್‌ಪಿಎಫ್ ಮಾತ್ರ ಇದೆಯಂತೆ. ಈ ಮೂರು ಏನು ಅಂತ ಸರಳವಾಗಿ ಹೇಳುತ್ತೀರಾ?

ಕೋಲಾರದ_ಕೋಡರ್ | 4:25

ಎಸ್‌ಪಿಎಫ್ ಅಂದರೆ "ನಮ್ಮ ಹೆಸರಲ್ಲಿ ಈ ಸರ್ವರ್‌ಗಳು ಮಾತ್ರ ಮೇಲ್ ಕಳಿಸಬಹುದು" ಅನ್ನುವ ಪಟ್ಟಿ. ಡಿಕಿಮ್ ಅಂದರೆ ಪ್ರತಿ ಮೇಲ್‌ಗೂ ಒತ್ತುವ ಮೊಹರು. ದಾರಿಯಲ್ಲಿ ಯಾರಾದರೂ ತಿದ್ದಿದರೆ ಮೊಹರು ಒಡೆಯುತ್ತದೆ. ಈ ಎರಡೂ ಹೊಂದದೇ ಹೋದರೆ ಆ ಮೇಲ್ ಏನು ಮಾಡಬೇಕು ಅಂತ ಹೇಳುವುದು ಡಿಮಾರ್ಕ್. ಮೂರೂ ಡೊಮೈನ್ ಕೊಂಡ ಕಡೆ, ಅದರ ವಿವರ ಬರೆದಿಡುವ ಡಿಎನ್‌ಎಸ್‌ನಲ್ಲಿ ಹಾಕುವ ಸಾಲುಗಳು. ಗೊತ್ತಿದ್ದವರಿಗೆ ಅರ್ಧ ಗಂಟೆ ಕೆಲಸ.

2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಇದನ್ನು ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ಒಂದೇ ದಿನ 5,000 ಅಥವಾ ಜಾಸ್ತಿ ಮೇಲ್ ಕಳಿಸಿದರೆ ಮೂರೂ ಬೇಕು. ನೀವು 6,200 ಜನಕ್ಕೆ ಒಂದೇ ದಿನ ಕಳಿಸಿದ್ದೀರಿ. ಅದರಲ್ಲಿ ಬಹುಪಾಲು ಜಿಮೇಲ್ ಇರುತ್ತದೆ. ಒಮ್ಮೆ ಆ ಗೆರೆ ದಾಟಿದವರನ್ನು ಮುಂದೆ ಕಡಿಮೆ ಕಳಿಸಿದರೂ ದೊಡ್ಡವರ ಸಾಲಿನಲ್ಲೇ ಇಡುತ್ತಾರೆ. ಜಾಹೀರಾತು ಮೇಲ್‌ನಲ್ಲಿ ಒಂದೇ ಒತ್ತಿಗೆ ಹೊರಹೋಗುವ ವ್ಯವಸ್ಥೆಯೂ ಬೇಕು. ಹೊರಹೋಗುತ್ತೇನೆ ಅಂದವರನ್ನು ಎರಡು ದಿನದೊಳಗೆ ಬಿಡಬೇಕು.

ಜಾಹೀರಾತನ್ನು ಒಂದು ಉಪ ಡೊಮೈನ್‌ನಿಂದ (ನಿಮ್ಮ ಡೊಮೈನ್‌ನ ಮುಂದೆ ಒಂದು ಪದ ಸೇರಿಸಿದ ಹೆಸರು) ಕಳಿಸಿ, ರಸೀದಿಯನ್ನು ಬೇರೆ ಇಡಿ. ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್‌ಗೆ ಸೇರಿಕೊಳ್ಳಿ, ದುಡ್ಡಿಲ್ಲ. ಜಿಮೇಲ್‌ನವರು ಎಷ್ಟು ದೂರು ಕೊಟ್ಟಿದ್ದಾರೆ ಅಂತ ಅಲ್ಲಿ ಕಾಣುತ್ತದೆ.

ಬನಶಂಕರಿ_ಮಾರ್ಕೆಟರ್ | 4:50

ಹೊರಹೋಗುವ ಕೊಂಡಿಯನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಇಟ್ಟರೆ ಸಾಕು. ಎದ್ದು ಕಾಣುವಂತೆ ಇಟ್ಟರೆ ಕೈ ತಪ್ಪಿ ಒತ್ತಿ ಹೋಗುತ್ತಾರೆ.

ಸರ್ವರ್_ಕೋಣೆ | 4:58

ಇಲ್ಲ ಸರ್, ಇದು ದೊಡ್ಡ ತಪ್ಪು. ಕೊಂಡಿ ಸಿಗದಿದ್ದವರು ಸುಮ್ಮನೆ ಕೂರುವುದಿಲ್ಲ. ಸ್ಪ್ಯಾಮ್ ಗುಂಡಿ ಒತ್ತುತ್ತಾರೆ, ಅದು ಕಣ್ಣೆದುರೇ ಇರುತ್ತದೆ. ಹೊರಹೋದವರಿಂದ ನಿಮಗೆ ನಷ್ಟವಿಲ್ಲ. ದೂರು ಕೊಟ್ಟವರಿಂದ ಇದೆ. ನಾನಂತೂ ಕೊಂಡಿಯನ್ನು ಮೇಲ್‌ನ ತಲೆಯಲ್ಲೇ ಇಡಿ ಅನ್ನುತ್ತೇನೆ.

ಇನ್ನೊಂದು ಮಾತು. ಹೊರಹೋದವರನ್ನು ಕಡತದಿಂದ ಪೂರ್ತಿ ಅಳಿಸಬೇಡಿ. "ಇವರಿಗೆ ಕಳಿಸಬಾರದು" ಅಂತ ಬೇರೆ ಪಟ್ಟಿಯಲ್ಲಿ ವಿಳಾಸ ಮಾತ್ರ ಇಡಿ. ಇಲ್ಲದಿದ್ದರೆ ಮುಂದಿನ ಸಲ ಹಳೇ ಎಕ್ಸೆಲ್ ಹಾಕಿದಾಗ ಅವರೆಲ್ಲ ವಾಪಸ್ ಸೇರಿಬಿಡುತ್ತಾರೆ. ಬೇಡ ಅಂದ ಮೇಲೂ ಮೇಲ್ ಬಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ.

ದಾವಣಗೆರೆ_ಹುಡುಗ | 5:20

ಇಷ್ಟೆಲ್ಲ ತಲೆನೋವು ಯಾಕೆ? ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡಿ ಅಂತ ನಿನ್ನೆಯೇ ಹೇಳಿದೆ.

ಪುಸ್ತಕ_ಸಂತೆ | 5:34

ಅದೂ ಮಾಡಿದ್ದೇವೆ ತಮ್ಮ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ. ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹತ್ತಿರದ ಗಿರಾಕಿಗಳಿಗೆ ಚೆನ್ನಾಗಿದೆ. ಇಮೇಲ್ ಪಟ್ಟಿ ಮಾತ್ರ ನಮ್ಮ ಕೈಯಲ್ಲಿರುವ ಆಸ್ತಿ. ಸೇವೆ ಬದಲಿಸಿದರೂ ಪಟ್ಟಿ ಜೊತೆಗೇ ಬರುತ್ತದೆ.

ಮೈಸೂರು_ಡಿಸೈನರ್ | 6:05

ಮೇಲ್ ಹೇಗಿರುತ್ತದೆ ಅಂತ ಯಾರೂ ಕೇಳಲಿಲ್ಲ. ಅಕ್ಕ, ನೀವು ಪೋಸ್ಟರ್ ಚಿತ್ರ ಕಳಿಸುತ್ತೀರಾ ಅಥವಾ ಅಕ್ಷರ ಟೈಪ್ ಮಾಡುತ್ತೀರಾ?

ಅಪ್ಪೆಮಿಡಿ_ಮನೆ | 6:12

ಪೋಸ್ಟರ್. ಮುದ್ರಣದವರೇ ಮಾಡಿಕೊಡುತ್ತಾರೆ. ಒಂದೇ ದೊಡ್ಡ ಚಿತ್ರ.

ಮೈಸೂರು_ಡಿಸೈನರ್ | 6:30

ಅಂದುಕೊಂಡೆ. ಚಿತ್ರ ತೆರೆಯದವರಿಗೆ ಅದು ಖಾಲಿ ಚೌಕ. ದಯವಿಟ್ಟು ಅಕ್ಷರದಲ್ಲೇ ಬರೆಯಿರಿ, ಪಕ್ಕದಲ್ಲಿ ಒಂದೆರಡು ಫೋಟೋ ಸಾಕು. ಆದರೆ ಮುದ್ರಣದವರ ಕಡತದಿಂದ ನಕಲು ಮಾಡಿ ಹಾಕಬೇಡಿ. ಅವರದ್ದು ಹಳೇ ನುಡಿ ಫಾಂಟ್ ಆಗಿದ್ದರೆ ಗಿರಾಕಿಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಉದ್ದವೂ ಮುಖ್ಯ. ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಮೇಲ್ ಅನ್ನು ಅರ್ಧಕ್ಕೆ ಕತ್ತರಿಸುತ್ತದೆ. ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಕಂಪ್ಯೂಟರ್ ಉಳಿಸುವ ರೀತಿ) ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. ಒತ್ತಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ಹೊರಹೋಗುವ ಕೊಂಡಿ ತೀರಾ ಕೆಳಗಿದ್ದರೆ ಕತ್ತರಿಸಿದ ಭಾಗದಲ್ಲಿ ಅದೂ ಹೋಗುತ್ತದೆ. ಸರ್ವರ್ ಕೋಣೆಯವರು ತಲೆಯಲ್ಲಿಡಿ ಅಂದದ್ದು ಇದಕ್ಕೂ ಸರಿ.

ಟೊರಾಂಟೊ_ತೀರ್ಥಹಳ್ಳಿ | ರಾತ್ರಿ 8:15

ಗಿರಾಕಿಯಾಗಿ ಒಂದು ಮಾತು. ಊರಲ್ಲಿರುವ ಅಮ್ಮನಿಗೆ ಇಲ್ಲಿಂದಲೇ ಉಪ್ಪಿನಕಾಯಿ ಆರ್ಡರ್ ಮಾಡುತ್ತೇನೆ. ಒಂದು ಕಿಲೋ ಮಿಡಿ ಕೊಂಡ ಮರುವಾರವೇ ಮತ್ತೆ "ಮಿಡಿ ಉಪ್ಪಿನಕಾಯಿ ಕೊಳ್ಳಿ" ಅಂತ ಮೇಲ್ ಬಂದರೆ ಏನು ಮಾಡಲಿ? ಅದು ಒಂದು ವರ್ಷ ಬರುತ್ತದೆ. ಡಬ್ಬಿ ಖಾಲಿಯಾಗುವ ಹೊತ್ತಿಗೆ ಒಂದು ಮೇಲ್ ಬರಲಿ, ಖಂಡಿತ ಕೊಳ್ಳುತ್ತೇನೆ. ನಡುವೆ ಜೇನು ಬಂತು ಅಂತ ಹೇಳಿದರೆ ಬೇಜಾರಿಲ್ಲ. ಉತ್ತರ ಬರೆಯಲಾಗದ ವಿಳಾಸದಿಂದ ಮಾತ್ರ ಕಳಿಸಬೇಡಿ. ಅಮ್ಮನ ಮನೆ ವಿಳಾಸ ಬದಲಾಗಿದೆ ಅಂತ ಒಬ್ಬ ಮಾರಾಟಗಾರರಿಗೆ ತಿಳಿಸಲು ನಾನು ಎರಡು ದಿನ ಒದ್ದಾಡಿದೆ.

ಸಾಗರದ_ಸೊಸೆ | 8:22

ಒಂದು ಕಿಲೋ ಒಂದು ವರ್ಷ ಬರುತ್ತದಾ? ನಮ್ಮ ಮನೆಯಲ್ಲಿ ಎರಡು ತಿಂಗಳಿಗೆ ಮುಗಿಯುತ್ತದೆ.

ಅಪ್ಪೆಮಿಡಿ_ಮನೆ | 8:50

ಕೊಂಡ ತಿಂಗಳು, ಕೊಂಡ ಮಾಲು ಎರಡೂ ನಮ್ಮ ಆರ್ಡರ್ ಪುಸ್ತಕದಲ್ಲಿವೆ. ಅದರ ಮೇಲೆ ಗುಂಪು ಮಾಡುತ್ತೇನೆ. ನೋಟ್‌ಬುಕ್‌ನವರಿಗೆ ಒಂದೇ ಒಂದು ಕಾಗದ ಬರೆಯುತ್ತೇನೆ. "ನೀವು ಮೇಳದಲ್ಲಿ ನಮ್ಮ ಮಳಿಗೆಗೆ ಬಂದಿದ್ದಿರಿ. ಹೊಸ ಮಾಲು ಬಂದಾಗ ತಿಳಿಸಬೇಕಾ? ಹೌದು ಅಂದರೆ ಇಲ್ಲಿ ಒತ್ತಿ. ಒತ್ತದಿದ್ದರೆ ಮತ್ತೆ ಬರೆಯುವುದಿಲ್ಲ." ಇಷ್ಟೇ. ಸರಿಯಾ?

ಕರಿಕೋಟು | 8:57

ಸರಿ. ಆ ಕೊನೆಯ ಸಾಲಿಗೆ ಬದ್ಧರಾಗಿರಿ.

ಸರ್ವರ್_ಕೋಣೆ | 9:10

1,400ನ್ನೂ ಒಂದೇ ದಿನ ಕಳಿಸಬೇಡಿ. ಹೊಸ ನೋಟ್‌ಬುಕ್‌ನಿಂದ ಶುರು ಮಾಡಿ, ದಿನಕ್ಕೆ 200. ಬೌನ್ಸ್ ಜಾಸ್ತಿ ಕಂಡರೆ ನಿಲ್ಲಿಸಿ. ಹಳೇ ಪುಟಗಳನ್ನು ಬಿಟ್ಟರೂ ನಷ್ಟವಿಲ್ಲ.

ಅಪ್ಪೆಮಿಡಿ_ಮನೆ | ಐದು ವಾರದ ನಂತರ, ಭಾನುವಾರ

ಏನಾಯಿತು ಅಂತ ಹೇಳುವುದು ನನ್ನ ಕರ್ತವ್ಯ. ಡಿಕಿಮ್, ಡಿಮಾರ್ಕ್ ಹಾಕಿಸಿದೆ. ರಸೀದಿ ಬೇರೆ, ಜಾಹೀರಾತು ಬೇರೆ ಮಾಡಿದೆ. ಮೊದಲ ಮೂರು ವರ್ಷದ ನೋಟ್‌ಬುಕ್ ಬಿಟ್ಟುಬಿಟ್ಟೆ. ಉಳಿದ 640 ಜನಕ್ಕೆ ಬರೆದೆ. 71 ಬೌನ್ಸ್. ಹೌದು ಅಂದವರು 188. ಅವರಲ್ಲಿ ಹನ್ನೆರಡು ಜನ ಮೇಳದ ದಿನ ನೆನಪಿಸಿಕೊಂಡು ಉತ್ತರ ಬರೆದಿದ್ದಾರೆ. ಅತ್ತೆಗೆ ಓದಿ ಹೇಳಿದೆ, ತುಂಬಾ ಖುಷಿಪಟ್ಟರು.

ಈಗ ಪಟ್ಟಿಯಲ್ಲಿ 2,350 ಚಿಲ್ಲರೆ ಜನ. ಕಳೆದ ವಾರ ಜೇನಿನ ಮೇಲ್ ಕಳಿಸಿದೆ. ಪೋಸ್ಟರ್ ಇಲ್ಲ, ಎಂಟು ಸಾಲು ಬರಹ, ಒಂದು ಫೋಟೋ. 46 ಆರ್ಡರ್ ಬಂತು. ಹಳೇ 80 ಅಲ್ಲ. ಆದರೆ ಬೆಂಗಳೂರಿನ ಆ ಗಿರಾಕಿಗೆ ನಾನೇ ಫೋನ್ ಮಾಡಿ ಕೇಳಿದೆ. ರಸೀದಿ ಇನ್‌ಬಾಕ್ಸ್‌ಗೆ ಬಂದಿದೆ.

ಹುಬ್ಬಳ್ಳಿ_ಸೇಲ್ಸ್ | ಭಾನುವಾರ

ಒಳ್ಳೆಯ ಸುದ್ದಿ ಮೇಡಂ. ನನ್ನ ವಿಳಾಸವನ್ನೂ ಸೇರಿಸಿಕೊಳ್ಳಿ, ಮೆಸೇಜ್‌ನಲ್ಲಿ ಕಳಿಸುತ್ತೇನೆ.

ಅಪ್ಪೆಮಿಡಿ_ಮನೆ | ಭಾನುವಾರ

ಧನ್ಯವಾದ ಸರ್. ನಾನಾಗಿ ಸೇರಿಸುವುದನ್ನು ನಿಲ್ಲಿಸಿದ್ದೇನೆ. ವೆಬ್‌ಸೈಟ್‌ನಲ್ಲಿ ಫಾರಂ ಇದೆ, ನೀವೇ ತುಂಬಿ. ಬರುವ ಮೇಲ್‌ನಲ್ಲಿ ಕೊಂಡಿ ಒತ್ತಬೇಕು.

ಹುಬ್ಬಳ್ಳಿ_ಸೇಲ್ಸ್ | ಭಾನುವಾರ

ತುಂಬಿದೆ, ಒತ್ತಿದೆ. ಮೇಲ್ ಜಿಮೇಲ್‌ನ ಪ್ರಮೋಷನ್ಸ್ ಟ್ಯಾಬ್‌ಗೆ (ಜಾಹೀರಾತು ಮೇಲ್‌ಗಳ ವಿಭಾಗ) ಬಂದಿತ್ತು. ಅದು ಸ್ಪ್ಯಾಮ್ ಅಂತ ಲೆಕ್ಕವಾ?

ಕೋಲಾರದ_ಕೋಡರ್ | ಭಾನುವಾರ

ಅಲ್ಲ. ಅದು ಇನ್‌ಬಾಕ್ಸ್‌ನದ್ದೇ ಒಂದು ಭಾಗ, 2013ರಿಂದ ಇದೆ. ಕೊಳ್ಳುವ ಮನಸ್ಸಿದ್ದವರು ಅಲ್ಲಿಗೇ ಹೋಗಿ ನೋಡುತ್ತಾರೆ. ಅದನ್ನು ತಪ್ಪಿಸಲು ಯಾರಾದರೂ ಉಪಾಯ ಹೇಳಿದರೆ ಕೇಳಬೇಡಿ.